ಬೆಳ್ಳಕ್ಕಿಯ ಹಿಂದಿನ ಸಾಲು

ನಮ್ಮ ಸೋದರಮಾವನ ಕೈಗೆ ಯಾವ ವಸ್ತುವನ್ನೂ ಕೊಡಬಾರದು. ಮುರಿದುಹಾಕುತ್ತಾರೆ ಅಂತಲ್ಲ. ಮುರಿದರೆ ರಿಪೇರಿಯಾದರೂ ಮಾಡಿಸಬಹುದು! ಇವರು ಆ ವಸ್ತುವಿಗೆ, ಅದನ್ನು ಮಾಡಿದ ಕಂಪನಿಗೂ ಗೊತ್ತಿಲ್ಲದ ಒಂದು ವಿದ್ಯೆ ಕಲಿಸಿ ವಾಪಸು ಕೊಡುತ್ತಾರೆ. ಒಮ್ಮೆ ನಮ್ಮ ಟಿವಿ ರಿಮೋಟು ಹತ್ತೇ ನಿಮಿಷ ಅವರ ಕೈಯಲ್ಲಿತ್ತು. ಅವತ್ತಿನಿಂದ ನಮ್ಮ ಟಿವಿ ಹಚ್ಚಿದ ಕೂಡಲೇ ಯಾವುದೋ ದೇಶದ ಲಿಪಿಯಲ್ಲಿ ನಮಗೆ ಸ್ವಾಗತ ಕೋರುತ್ತದೆ. ಯಾವ ದೇಶ? ಇವತ್ತಿಗೂ ಪತ್ತೆಯಾಗಿಲ್ಲ. "ಆ ಆಟ ಪುಸ್ತಕದಾಗ ಬರದಿಲ್ಲ, ಆದ್ರ ಒಳಗ ಅದ!" ಎಂದು ಮಾವ ಮಾತ್ರ ಎದೆಯುಬ್ಬಿಸಿ ಹೇಳಿದ್ದರು.

ತಪ್ಪು ಅವರದಲ್ಲ, ನೌಕರಿಯದು. ದೇವದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಲೈನ್‌ಮನ್ ಆಗಿದ್ದರು. ಆ ಕಾಲದಲ್ಲಿ ಡೈರೆಕ್ಟರಿಯಲ್ಲಿ ಇಲ್ಲದ ಕೆಲವು ನಂಬರುಗಳಿದ್ದವಂತೆ. ಅಂಥದೊಂದನ್ನು ತಿರುಗಿಸಿ ರಿಸೀವರ್ ಕೆಳಗಿಟ್ಟರೆ ನಮ್ಮ ಫೋನು ನಮಗೇ ಹೊಡೆದುಕೊಳ್ಳುತ್ತದೆ, ಲೈನು ಸರಿ ಇದೆಯೋ ಇಲ್ಲವೋ ನೋಡುವುದಕ್ಕೆ. ಮಾವ ಅದನ್ನು ಯಾವುದಕ್ಕೆ ಬಳಸಿದರು ಗೊತ್ತೇ? ಹೆಣ್ಣಿನ ಕಡೆಯವರು ವರನ ವಿಚಾರಣೆಗೆಂದು ಎಕ್ಸ್‌ಚೇಂಜಿಗೆ ಬಂದು ಕೂತಾಗ ಮೆಲ್ಲಗೆ ಆ ನಂಬರು ತಿರುಗಿಸಿ ಇಟ್ಟರು. ಟ್ರಿಣ್ ಟ್ರಿಣ್! ಎತ್ತಿಕೊಂಡು, "ಹಾಂ ಡಿ.ಸಿ. ಸಾಹೇಬ್ರ, ಈಗ ಬೀಗರು ಬಂದಾರ್ರಿ, ಆಮ್ಯಾಗ ಮಾತಾಡ್ತೀನ್ರಿ" ಎಂದರು. ಮದುವೆ ಅಲ್ಲಿಗೇ ಪಕ್ಕಾ ಆಯಿತು.

"ಡಿ.ಸಿ. ಸಾಹೇಬ್ರ ಜೋಡಿ ದಿನಾ ಮಾತಾಡೋ ಮನುಷ್ಯಾ ಅಂತ ನಮ್ಮಪ್ಪ ಕೊಟ್ಟಾನ್ರಿ," ಎಂದು ಅತ್ತಿ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. "ಡಿ.ಸಿ. ಅಲ್ಲ, ಡಿ.ಸಿ. ಮನಿ ನಾಯೀನೂ ಒಂದಿನ ಫೋನ್ ಮಾಡಿಲ್ಲ!"

ಇಂಥ ಮನುಷ್ಯ ನಿವೃತ್ತರಾಗಿ ರಾಯಚೂರಿನಲ್ಲಿ, ಮಾವಿನಕೆರೆಯ ಹತ್ತಿರ ಎರಡು ಕೋಣೆಯ ಮನೆಯಲ್ಲಿ ಕೂತರೆ ಏನಾಗಬೇಡ? ನಾನು ಹೈಸ್ಕೂಲ್ ಟೀಚರು, ಫೋಟೋ ತೆಗೆಯುವ ಹುಚ್ಚಿನವಳು. ಜಗತ್ತಿನ ಜನರೆಲ್ಲ ತಮ್ಮ ಫೋಟೋ ತಂದು ಹಾಕುವ ಒಂದು ವೆಬ್‌ಸೈಟಿನಲ್ಲಿ ನನ್ನವನ್ನೂ ಹಾಕುತ್ತೇನೆ. ಒಂದು ಬೇಸಿಗೆಯ ಮಧ್ಯಾಹ್ನ ಮಾವನ ಮನೆಯಲ್ಲಿ ಕೂತು ಹಾಕುತ್ತಿದ್ದೆ. ನೆಟ್ಟು ನಿಧಾನ. "ಮಾಮಾ, ಇದು ಪೂರ್ತಿ ಆಗೋತನ ನೋಡ್ಕೋರಿ" ಎಂದು ಲ್ಯಾಪ್‌ಟಾಪ್ ಅವರ ಮುಂದಿಟ್ಟು ಅತ್ತಿಯ ಹತ್ತಿರ ಅಡುಗೆಮನೆಗೆ ಹೋದೆ. ಹೋಗಬಾರದಿತ್ತು!

"ಯವ್ವಾ, ಇಲ್ಲಿ ತಳದಾಗ ಸಣ್ಣ ಅಕ್ಷರದಾಗ 'ಡೆವಲಪರ್‌ಗಳಿಗೆ' ಅಂತ ಬರದಾರಲ್ಲ, ಏನದು?"

ನಾನು ಉತ್ತರ ಕೊಡುವ ಮೊದಲೇ ಅತ್ತಿ ಒಗ್ಗರಣೆಯ ನಡುವೆ ಕೂಗಿದರು: "ಡೆವಲಪರ್ ಅಂದ್ರ ಪ್ಲಾಟ್ ಮಾರೋರಲ್ಲೇನು? ಬೆಳಗಿನಿಂದ ಸೈಟ್ ಸೈಟ್ ಅನ್ನಾಕತ್ತೀರಿ. ಎಲ್ಲಿ ಅದ ಆ ಸೈಟು? ಮಾನ್ವಿ ರೋಡಿಗೋ, ಲಿಂಗಸುಗೂರು ರೋಡಿಗೋ?"

"ಆಕಾಶದಾಗ ಅದ" ಎಂದರು ಮಾವ.

"ಹಂಗಾದ್ರ ನೀರಿನ ತ್ರಾಸ ಇರಂಗಿಲ್ಲ ಬಿಡ್ರಿ!"

ನಾನು ಮಾವನಿಗೆ ತಿಳಿಸಿ ಹೇಳಿದೆ. ಅದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗಾಗಿ ಇಟ್ಟ ಪುಟ. ಅಲ್ಲಿ ಖಾಲಿ ಚೌಕಗಳಿವೆ. ಪಕ್ಕದಲ್ಲಿ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿನ ಪದಗಳನ್ನು ಚೌಕದಲ್ಲಿ ತುಂಬಿ ಗುಂಡಿ ಒತ್ತಿದರೆ ಸೈಟು ತನ್ನ ಉಗ್ರಾಣದಿಂದ ಕೇಳಿದ ಫೋಟೋ ತಂದು ಕೊಡುತ್ತದೆ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಬುದ್ಧಿಗೇಡಿ ನಾನು, "ಪಟ್ಟಿಯೊಳಗ ಇದ್ದ ಪದ ಮಾತ್ರ ಹಾಕ್ಬೇಕ್ರಿ ಮಾಮಾ, ಬ್ಯಾರೆ ಹಾಕಿದ್ರ ನಡಿಯಂಗಿಲ್ಲ" ಎಂದೂ ಹೇಳಿದೆ.

ಮಾವನ ಕಣ್ಣು ಮಿಂಚಿದವು. ಲ್ಯಾಪ್‌ಟಾಪು ಆರು ತಿಂಗಳು ನನ್ನ ಮನೆಗೆ ವಾಪಸು ಬರಲಿಲ್ಲ.

ಮೊದಲ ವಾರ ಪಟ್ಟಿಯಲ್ಲಿಲ್ಲದ ಪದಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಡಿಪಾರ್ಟ್‌ಮೆಂಟಿನ ಸುತ್ತೋಲೆ ಓದಿ ಬಂದ ಇಂಗ್ಲಿಷು ಅವರದು, ಸಾವಕಾಶ, ಆದರೆ ಗಟ್ಟಿ. ನೂರೆಂಟು ಸಲ 'ತಪ್ಪು' ಎಂದು ಬೈಸಿಕೊಂಡ ಮೇಲೆ ಒಂದು ದಿನ ಬಣ್ಣದ ಹೆಸರು ಹಾಕಿದರಂತೆ. ಸೈಟು ಬೈಯಲಿಲ್ಲ! ಆ ಬಣ್ಣದ ಫೋಟೋಗಳನ್ನೇ ತಂದು ಸುರಿಯಿತು. ನನಗೆ ಫೋನು ಬಂತು: "ಜಲ್ದಿ ಬಾ ಯವ್ವಾ. ಇವತ್ತು ನಮ್ಮ ಮನ್ಯಾಗ ನೀಲಿ."

ಹೋಗಿ ನೋಡಿದರೆ ಹೊರಗೆ ರಾಯಚೂರಿನ ಮೇ ತಿಂಗಳು ಕಾದ ಹಂಚಿನಂತೆ ಬಿದ್ದಿದೆ, ಒಳಗೆ ಕಿಟಕಿ ಮುಚ್ಚಿ, ಕೂಲರ್ ಹಚ್ಚಿ, ಮಾವ ಅತ್ತಿ ಇಬ್ಬರೂ ಪರದೆಯ ಮುಂದೆ ಕೂತಿದ್ದಾರೆ. ನೀಲಿ ಸಮುದ್ರ, ನೀಲಿ ಬಾಗಿಲು, ಯಾರೋ ಒಣಹಾಕಿದ ನೀಲಿ ಅಂಗಿ, ನೀಲಿ ಬೆಟ್ಟ, ಒಂದು ಮಗುವಿನ ನೀಲಿ ಕಣ್ಣು. ಒಂದಾದ ಮೇಲೊಂದು ಅವು ಸರಿಯುತ್ತಿದ್ದರೆ ಅವರಿಬ್ಬರ ಮುಖದ ಮೇಲೂ ನೀಲಿ ಬೆಳಕು ನೀರಿನ ಹಾಗೆ ಹರಿಯುತ್ತಿತ್ತು. ನಾನೂ ಕೂತೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅತ್ತಿ ಸೆರಗು ಹೊದ್ದುಕೊಂಡು, "ಕೂಲರ್ ಬಂದ್ ಮಾಡ್ರಿ, ಥಂಡಿ ಹತ್ತಾಕತ್ತದ" ಎಂದರು. ಕರೆಂಟು ಹೋಗಿ ಕೂಲರ್ ನಿಂತು ಆಗಲೇ ಅರ್ಧ ತಾಸಾಗಿತ್ತು!

ಆಮೇಲೆ ಬಂತು ನೋಡಿ ಅಕ್ಷರದ ಪ್ರಕರಣ. ಫೋಟೋ ಸಣ್ಣದು ಬೇಕೋ ದೊಡ್ಡದು ಬೇಕೋ ಎಂದು ಹೇಳಲು ಆ ಪಟ್ಟಿಯಲ್ಲಿ ಮೂರು ಅಕ್ಷರಗಳಿದ್ದವು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಇರುವಾಗ ಮೂರಕ್ಕೇ ಸುಮ್ಮನಾಗುವ ಮನುಷ್ಯರೇ ಅವರು? ಉಳಿದವನ್ನೆಲ್ಲ ಹಾಕಿ ನೋಡಿದರು. 'ಕ್ಯೂ' ಅಕ್ಷರಕ್ಕೆ ಬಾಗಿಲು ತೆರೆಯಿತು. "ಕ್ಯೂ ಅಂದ್ರ ಪಾಳಿ. ಪಾಳಿ ಹಚ್ಚಿದ್ರ ಎಲ್ಲಾ ಸಿಗ್ತದ" ಎಂದು ಅತ್ತಿ ರೇಷನ್ ಅಂಗಡಿಯ ಅನುಭವ ಹೇಳಿದರು.

ಸಿಕ್ಕಿದ್ದೇನು? ನಾವು ಫೋಟೋ ಹಾಕುವಾಗ ಬೇಡದ ಭಾಗವನ್ನು ಅಂಚಿನಿಂದ ಕತ್ತರಿಸಿ ಹಾಕುತ್ತೇವಲ್ಲ, 'ಕ್ಯೂ' ಎಂದರೆ ಆ ಸೈಟು ಕತ್ತರಿಸುವ ಮೊದಲಿನ ಪೂರ್ತಿ ಚಿತ್ರ ತೋರಿಸುತ್ತಿತ್ತು! ಮೊದಲ ಬಲಿ ನಾನೇ. ಸಂಜೆಗೆಂಪಿನ ಮಾವಿನಕೆರೆ, ಒಂದೇ ಒಂದು ಒಣಮರ, ಕೆಳಗೆ 'ಏಕಾಂತ' ಎಂಬ ಶೀರ್ಷಿಕೆ. ಜನ ಮೆಚ್ಚಿದ್ದೇ ಮೆಚ್ಚಿದ್ದು. ಮಾವ 'ಕ್ಯೂ' ಒತ್ತಿದರು. ಮರದ ಎಡಕ್ಕೆ ಭಜ್ಜಿ ಬಂಡಿ, ಬಲಕ್ಕೆ ನನ್ನ ಸ್ಕೂಟಿ, ಸ್ಕೂಟಿಯ ಮೇಲೆ ಬಾಯಿ ತೆರೆದು ಮೆಣಸಿನಕಾಯಿ ಭಜ್ಜಿ ಕಚ್ಚುತ್ತಿರುವ ನಮ್ಮವ್ವ!

"ಏಕಾಂತದಾಗ ಎಷ್ಟು ಪ್ಲೇಟ್ ಆತು ಯವ್ವಾ?" ಎಂದು ಮಾವ ಕೇಳಿದರು. ಅತ್ತಿ ನಕ್ಕು ನಕ್ಕು ಗೋಡೆ ಹಿಡಿದರು.

ಆ ನಗು ಮುಗಿದಿರಲಿಲ್ಲ, ಮಾವ ಚೌಕದಲ್ಲಿ 'ಮಾನ್ವಿ' ಎಂದು ಹಾಕಿದರು. ಅವರು ಹುಟ್ಟಿ ಬೆಳೆದದ್ದು ಆ ತಾಲೂಕಿನ ಮಲ್ಲಟದಲ್ಲಿ. ನಾಲ್ಕಾರು ಚಿತ್ರ ಬಂದವು. ಒಂದು ಬೆಳ್ಳಕ್ಕಿಯದು. ಮಲ್ಲಟದ ಹತ್ತಿರ ತೆಗೆದದ್ದೆಂದು ಕೆಳಗೆ ಬರೆದಿತ್ತು. ಯಾರೋ ಪಕ್ಷಿಪ್ರೇಮಿ, ಕಾಲುವೆ ಕೆಲಸಕ್ಕೆ ಬಂದ ಹೊರಗಿನ ಇಂಜಿನಿಯರು, ಐವತ್ತು ವರ್ಷಕ್ಕೂ ಹಿಂದೆ ತೆಗೆದ ಬಣ್ಣದ ಚಿತ್ರ. ಕೆಸರುಗದ್ದೆ, ನೀರಿನಲ್ಲಿ ಆಕಾಶ, ಆಕಾಶದಲ್ಲಿ ಒಂದು ಬಿಳಿ ಹಕ್ಕಿ. ಮಾವ 'ಕ್ಯೂ' ಒತ್ತಿದರು.

ಚಿತ್ರ ಅಗಲವಾಯಿತು. ಬೆಳ್ಳಕ್ಕಿಯ ಹಿಂದೆ, ಗದ್ದೆಯ ಉದ್ದಕ್ಕೂ, ಬಗ್ಗಿ ನೆಲ್ಲಿನ ಸಸಿ ಹಚ್ಚುತ್ತಿರುವ ಹೆಂಗಸರ ಒಂದು ಸಾಲು. ಒಂಬತ್ತು ಬೆನ್ನು. ಒಬ್ಬರ ಮುಖವೂ ಕಾಣುವುದಿಲ್ಲ.

ಮಾವನ ಕೈ ಗುಂಡಿಯ ಮೇಲೇ ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಜ್ಜಿ, ಅಂದರೆ ಮಾವನ ಮತ್ತು ನಮ್ಮವ್ವನ ತಾಯಿ, ಮಲ್ಲಟದ ಗದ್ದೆಗಳಲ್ಲಿ ಸಸಿ ಹಚ್ಚುವ ಕೂಲಿಗೆ ಹೋಗುತ್ತಿದ್ದವಳು. ಮಾವ ಶಾಲೆಯಲ್ಲಿರುವಾಗಲೇ ತೀರಿಕೊಂಡಳು. ಅವಳದೊಂದು ಫೋಟೋ ಇಲ್ಲ. ನಮ್ಮವ್ವ ಆಗ ತೀರ ಸಣ್ಣವಳು, ಅವಳಿಗೆ ತಾಯಿಯ ಮುಖದ ನೆನಪೂ ಇಲ್ಲ.

"ಇದರಾಗ ಅದಾಳ" ಎಂದರು ಮಾವ. "ಯಾರು ಅಂತ ಗೊತ್ತಾಗವಲ್ದು. ಆದ್ರ ಅದಾಳ."

ನಾನು ಆ ಚಿತ್ರವನ್ನು ಇಳಿಸಿಕೊಳ್ಳಲು ಕೈ ಚಾಚಿದೆ. ಮಾವ ನನ್ನ ಕೈ ಹಿಡಿದರು. "ಬ್ಯಾಡ. ಅವರು ಕತ್ತರಿಸಿ ಇಟ್ಟದ್ದನ್ನ ಕೇಳದ ತಗೊಂಡ್ರ ಕಳವು ಆಗ್ತದ."

ಅಂಥದೇ ಇನ್ನೊಂದು ಚಿತ್ರ ಇದ್ದೀತೆಂದು ಮುಂದೆ ಹುಡುಕುತ್ತಿದ್ದಾಗ ಯಾರದೋ ಮನೆಯ ಗುಂಪಿನ ಫೋಟೋ ಬಂತು. ಅಂಚಿನಲ್ಲಿ ಕತ್ತರಿಸಿ ತೆಗೆದಿದ್ದ ಒಬ್ಬ ಹೆಣ್ಣುಮಗಳು ಪೂರ್ತಿ ಚಿತ್ರದಲ್ಲಿ ಮತ್ತೆ ಬಂದು ನಿಂತಿದ್ದಳು, ನಗುತ್ತ. ಮಾವ ಗಡಬಡಿಸಿ ಲ್ಯಾಪ್‌ಟಾಪ್ ಮುಚ್ಚಿದರು. ಯಾರ ಮನೆಯ ಬಚ್ಚಲಿಗೋ ತಪ್ಪಿ ಹೊಕ್ಕವರಂತೆ ಬೆವತಿದ್ದರು.

"ಯಾಕ ತಗದಾರೋ, ಎಷ್ಟು ಅತ್ತಾರೋ. ನಾವ್ಯಾರು ಅದನ್ನ ನೋಡಾಕ? ಕಂಪನಿಗಿ ಬರೀಬೇಕು. ಇವತ್ತೇ."

"ಮಾಮಾ, ಬರದ್ರ ಅವರು ಬಾಗಲಾ ಹಾಕ್ತಾರ. ಬೆಳ್ಳಕ್ಕಿ ಫೋಟೋನೂ ಹೋಗ್ತದ. ನಾಕು ದಿನ ತಡೀರಿ."

"ನಾಕು ದಿನದಾಗ ಮತ್ತೊಬ್ಬಾಂವ ಕ್ಯೂ ಒತ್ತಿದ್ರ?"

ಪತ್ರ ಸರ್ಕಾರಿ ಶೈಲಿಯಲ್ಲಿ ತಯಾರಾಯಿತು. 'ವಿಷಯ: ತಮ್ಮ ಸೈಟಿನ ಹಿಂಬಾಗಿಲಿಗೆ ಚಿಲಕ ಇಲ್ಲದಿರುವ ಬಗ್ಗೆ.' ಕೊನೆಗೆ 'ತಮ್ಮ ವಿಶ್ವಾಸಿ, ನಿವೃತ್ತ ಲೈನ್‌ಮನ್.' ನಾನು ಮುಖ ಊದಿಸಿಕೊಂಡೇ ಇಂಗ್ಲಿಷಿಗೆ ತಿರುಗಿಸಿದೆ. ಪಕ್ಷಿಪ್ರೇಮಿಗೂ ಒಂದು ಬರೆಸಿದರು: 'ತಮ್ಮ ಪರವಾನಗಿ ಇಲ್ಲದೆ ತಮ್ಮ ಚಿತ್ರ ಪೂರ್ತಿ ನೋಡಿದ್ದೇನೆ, ಕ್ಷಮಿಸಬೇಕು. ಅದರಲ್ಲಿ ನಮ್ಮ ತಾಯಿ ಇದ್ದಾಳೆ.' ಕಂಪನಿಯಿಂದ ಮಾರನೇ ದಿನವೇ ಉತ್ತರ ಬಂತು. ಧನ್ಯವಾದ, ನಮ್ಮ ಇಂಜಿನಿಯರುಗಳು ನೋಡುತ್ತಾರೆ ಎಂದು. "ಎಷ್ಟು ಮಂದಿ ಬರ್ತಾರ? ಚಹಾಕ್ಕ ಹಾಲು ತರಸ್ಲಿ?" ಎಂದರು ಅತ್ತಿ. ನಾಲ್ಕನೇ ದಿನ 'ಕ್ಯೂ' ಒತ್ತಿದರೆ ಬರೀ ಬೆಳ್ಳಕ್ಕಿ.

ನಮ್ಮವ್ವ ಸುದ್ದಿ ಕೇಳಿ ಕೂತಲ್ಲೇ ಕೂತಳು. "ನಂಗೊಂದ್ಸಲ ತೋರ್ಸಿ ಬರಿಯಾಕ ಆಗ್ತಿದ್ದಿಲ್ಲೇನಣ್ಣಾ?" ಎಂದಷ್ಟೇ ಕೇಳಿ, ಅಣ್ಣನ ಜೊತೆ ಮಾತು ಬಿಟ್ಟಳು.

ಮಳೆಗಾಲ ಹೋಯಿತು. ಪಕ್ಷಿಪ್ರೇಮಿಯಿಂದ ಉತ್ತರವಿಲ್ಲ. ಮಾವ ಹೊಸ ಪದಗಳನ್ನು ಹಾಕುವುದನ್ನೇ ಬಿಟ್ಟರು. ದಿನಾ ಮಧ್ಯಾಹ್ನ ಆ ಬೆಳ್ಳಕ್ಕಿಯನ್ನು ತೆರೆದಿಟ್ಟುಕೊಂಡು, ಪರದೆಯನ್ನಲ್ಲ, ಪರದೆಯ ಪಕ್ಕದ ಬರೀ ಗೋಡೆಯನ್ನು ನೋಡುತ್ತಿದ್ದರು. ಒಮ್ಮೆ ನಾನು ಹೋದಾಗ ಗೋಡೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ಸುರು ಆಗ್ತದ ಸಾಲು. ಇದು ಮೊದಲನೇದಾಕಿ, ಕೆಂಪು ಸೀರಿ. ಇಲ್ಲಿ ಎರಡನೇದಾಕಿ..." ಎಂದು ಸುಣ್ಣದ ಗೋಡೆಯ ಮೇಲೆ ಒಂಬತ್ತೂ ಜನರನ್ನು ನಿಲ್ಲಿಸಿದರು. ನಾನೂ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಗೋಡೆಯ ಮೇಲೆ ನನಗೂ ನೀರು ಕಂಡಿತು.

ನವರಾತ್ರಿ ಕಳೆದ ಮೇಲೆ ಉತ್ತರ ಬಂತು. ಈಗ ತುಂಬ ವಯಸ್ಸಾದ ಮನುಷ್ಯ ಆತ. 'ಹಳೆಯ ಫಿಲ್ಮ್ ಸ್ಲೈಡು ಹುಡುಕಿಸಿ ಮತ್ತೆ ಚೆನ್ನಾಗಿ ಸ್ಕ್ಯಾನ್ ಮಾಡಿಸಲು ತಡವಾಯಿತು. ಆ ಹೆಂಗಸರು ಹಕ್ಕಿಗೆ ಅಡ್ಡ ಬಂದರೆಂದು ಕತ್ತರಿಸಿದ್ದೆ. ಈಗ ನೋಡಿದರೆ ಹಕ್ಕಿಯೇ ಅವರಿಗೆ ಅಡ್ಡ ಬಂದ ಹಾಗಿದೆ. ಈ ಚಿತ್ರ ನಿಮ್ಮದು.'

ಮಾವ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮೊದಲು ನಮ್ಮ ಮನೆಗೆ ತಂದು ನಮ್ಮವ್ವನ ಮಡಿಲಲ್ಲಿಟ್ಟರು. ಮಾತು ಬಿಟ್ಟವಳು ಕೇಳಿದ ಮೊದಲ ಮಾತು: "ಯಾರಣ್ಣಾ ಇದರಾಗ?"

"ಅದನ್ನ ಹೇಳಾಕ ಒಬ್ಬಾಕಿ ಅದಾಳ. ಏಳು."

ಮೂವರೂ ಮಾನ್ವಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಮಲ್ಲಟಕ್ಕೆ ಹೋದೆವು. ಅಜ್ಜಿಯ ಜೊತೆ ಸಸಿ ಹಚ್ಚುತ್ತಿದ್ದ ತಾಯಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಎಂಬತ್ತರ ಹತ್ತಿರ ವಯಸ್ಸು. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಸಣ್ಣ ಮಾಡಿದಳು.

"ಮುಖ ಕಾಣವಲ್ದು ನೋಡು ಯವ್ವಾ" ಎಂದರು ಮಾವ.

"ಮುಖ ಯಾಕ ಬೇಕಲೇ? ಜೀವನಾ ಪೂರ್ತಿ ಒಬ್ಬರ ಬೆನ್ನು ಒಬ್ಬರು ನೋಡೀವಿ." ಬೆರಳಿಟ್ಟು ಒಬ್ಬೊಬ್ಬರನ್ನೇ ಹೇಳುತ್ತ ಹೋದಳು. ಎರಡನೆಯವಳು ತಾನೇ. ಐದನೆಯ ಬೆನ್ನಿನ ಮೇಲೆ ಬೆರಳು ನಿಂತಿತು. "ಇಕಿ ನಿಮ್ಮವ್ವ. ನೋಡು, ಎಲ್ಲಾರ ಸಸಿ ಕಟ್ಟು ಎಡಗೈಯಾಗ ಅದ, ಇಕೀದು ಬಲಗೈಯಾಗ. ಎಡಚಿ. ಎಡಗೈಲೆ ಹಚ್ಚತಿದ್ಲು, ನಮಗಿಂತ ಜಲ್ದಿ."

"ನಮ್ಮವ್ವ ಎಡಚಿ?" ಎಂದರು ಮಾವ. ಅವರಿಗೆ ಗೊತ್ತೇ ಇರಲಿಲ್ಲ. ನಮ್ಮವ್ವ ಆ ಬೆನ್ನನ್ನು ಎರಡು ಬೆರಳಿಂದ ಸವರಿದಳು.

ತಾಯಮ್ಮ ಇನ್ನೂ ಚಿತ್ರ ನೋಡುತ್ತಲೇ ಇದ್ದಳು. "ಬಗ್ಗಿದ್ದನ್ನೇ ಹಿಡದಾರ. ಸಂಜಿಗಿ ಎದ್ದು ನಿಂತು ನಗತಿದ್ವಿ, ಅದನ್ನ ಯಾರೂ ಹಿಡೀಲಿಲ್ಲ."

"ನಮ್ಮವ್ವನೂ ನಗತಿದ್ಲಾ?" ಎಂದು ಮಾವ ಕೇಳಿದರು.

"ನಗತಿದ್ಲಾ ಅಂತ ಕೇಳ್ತೀಯಾ! ಆಕಿ ನಕ್ರ ಕಾಲುವಿ ಆಚಿ ದಂಡಿಗಿ ಕೇಳತಿತ್ತು."

ಮಾವ ಕಟ್ಟೆಯಿಂದ ಇಳಿದು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತರು. ನಮ್ಮವ್ವ ಅವರ ಪಕ್ಕದಲ್ಲಿ ಕೂತಳು.

"ಹೆಂಗ ನಗತಿದ್ಲು ಯವ್ವಾ? ಒಂದ್ಸಲ ನಕ್ಕು ತೋರ್ಸು" ಎಂದಳು.

ತಾಯಮ್ಮ ನಾಚಿ ಸೆರಗಿನಿಂದ ಬಾಯಿ ಮುಚ್ಚಿದಳು. ಆಮೇಲೆ ಸೆರಗು ಬಿಟ್ಟು, ಕೊರಳು ಮೇಲೆತ್ತಿ, ಐವತ್ತು ವರ್ಷದ ಹಿಂದೆ ಸತ್ತ ಗೆಳತಿಯ ಹಾಗೆ ದೊಡ್ಡದಾಗಿ ನಕ್ಕಳು. ಅಣ್ಣ ತಂಗಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.