ತಂಪು ಗಾಳಿಯ ಕೊಳವೆ ಮತ್ತು ನನ್ನ ಮೂವತ್ತೊಂದು ಭಯಗಳು

ಕಾರಿನ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯೊಳಗೆ ಇಲಿ ಸೇರಬಹುದಿತ್ತು. ಮಳೆಗಾಲದಲ್ಲಿ ರಸ್ತೆ ತುಂಬಿದಾಗ ಗಾಳಿಯ ಬದಲು ನೀರನ್ನೇ ಹೀರಿ ಎಂಜಿನ್ನು ಬಿಗಿದುಕೊಂಡು ನಿಲ್ಲಬಹುದಿತ್ತು. ಕ್ಲಾಂಪು ಸಡಿಲಾಗಿ ಕೊಳವೆಯೇ ಕಳಚಿಬಿದ್ದು ಹಿಂದೆ ಬರುವ ಸ್ಕೂಟರಿನ ಚಕ್ರಕ್ಕೆ ಸುತ್ತಿಕೊಳ್ಳಬಹುದಿತ್ತು. ಬಂಪರಿನೊಳಗೆ ಕಣಜ ಗೂಡು ಕಟ್ಟಬಹುದಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಟೆಂಪೋದ ಹೊಗೆಯನ್ನೆಲ್ಲ ನಮ್ಮ ಗಾಡಿಯೇ ಕುಡಿದುಬಿಡಬಹುದಿತ್ತು. ಒಳಗಿನ ತಗಡು ಅದುರಿ ಅದುರಿ ಬ್ಯಾಟರಿಗೆ ತಾಗಿ ಕಿಡಿ ಹಾರಬಹುದಿತ್ತು. ಟ್ರಾಫಿಕ್ ಪೊಲೀಸರು ಬಾನೆಟ್ ತೆಗೆಸಿ ಇದೇನೆಂದು ಕೇಳಿದರೆ, ಇಪ್ಪತ್ತನಾಲ್ಕು ವರ್ಷ ಪುಣೆಯಲ್ಲಿ ಆಡಿದ ಮರಾಠಿಯೆಲ್ಲ ಆ ಕ್ಷಣಕ್ಕೆ ಮರೆತುಹೋಗಬಹುದಿತ್ತು. ಇವನ್ನೆಲ್ಲ ನಾನು ಬರೀ ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಏನು ಕೆಡಬಹುದು, ಕಾರಣ, ಪರಿಹಾರ ಎಂದು ಗೆರೆ ಹಾಕಿ ಮೂರು ಕಾಲಮ್ಮುಗಳಲ್ಲಿ ಬರೆದಿದ್ದೆ. ಒಟ್ಟು ಮೂವತ್ತೊಂದು ಸಾಲು.

ಇದು ನನ್ನ ಹೊಟ್ಟೆಪಾಡಿನ ದೋಷ. ಪುಣೆ ಬಳಿಯ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಒಂದು ಹೊಸ ಬ್ರಾಕೆಟ್ಟು ತಯಾರಾಗುವ ಮೊದಲೇ ಅದು ಎಷ್ಟೆಷ್ಟು ಬಗೆಯಲ್ಲಿ ಕೆಡಬಹುದೆಂದು ಕೂತು ಊಹಿಸಿ ಪಟ್ಟಿ ಮಾಡುವುದು ನಮ್ಮ ಪದ್ಧತಿ. ಉಳಿದವರು ಸಂಜೆ ಬೂಟಿನ ಜೊತೆ ಈ ಅಭ್ಯಾಸವನ್ನೂ ಲಾಕರಿನಲ್ಲಿಟ್ಟು ಹೋಗುತ್ತಾರೆ. ನಾನು ಖಾಲಿ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತೇನೆ. ಪೂರ್ತಿಯಾಗಿ ಕಾರ್ಖಾನೆಯನ್ನೇ ದೂರಿದರೂ ತಪ್ಪಾದೀತು. ಧಾರವಾಡದಲ್ಲಿ ನಮ್ಮಪ್ಪ ಮಟಮಟ ಮಧ್ಯಾಹ್ನ ಹುಬ್ಬಳ್ಳಿಯ ಬಸ್ಸು ಹತ್ತುವಾಗಲೂ ಚೀಲದಲ್ಲಿ ಎರಡು ಬ್ಯಾಟರಿ ಟಾರ್ಚು ಇಟ್ಟುಕೊಳ್ಳುತ್ತಿದ್ದರು. ಒಂದು ದಾರಿಯಲ್ಲಿ ಕತ್ತಲಾದರೆ ಬೇಕಾಗುತ್ತದೆಂದು, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಇರಲೆಂದು.

ಇಂಥ ಮನುಷ್ಯ ಮಾಡಿಫೈ ಮಾಡಿದ ಹಳೆಯ ಕಾರನ್ನು ಯಾಕೆ ಕೊಂಡ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಜಯಶ್ರೀ ಇದನ್ನು ವಾರಕ್ಕೊಮ್ಮೆ ಕೇಳುತ್ತಾಳೆ. ಉತ್ತರ ಇಷ್ಟೇ: ಐವತ್ತೆರಡನೆಯ ವಯಸ್ಸಿನಲ್ಲಿ, ನಮ್ಮ ಕಾರ್ಖಾನೆಯ ಗೇಟಿನೆದುರು, ಮಾರಾಟಕ್ಕೆ ನಿಂತಿದ್ದ ಆ ಕೆಂಪು ಗಾಡಿ ಒಮ್ಮೆ ಗುರ್ ಎಂದಿತು. ಆ ಸದ್ದಿಗೆ ನನ್ನೊಳಗೆ ಯಾವನೋ ಎದ್ದು ಕೂತ. ಹಳೆಯ ಮಾಲೀಕ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಮುಚ್ಚಿದ ಪೆಟ್ಟಿಗೆಯನ್ನು ಕಿತ್ತೆಸೆದು, ಕೋನ್ ಐಸ್‌ಕ್ರೀಮಿನ ಆಕಾರದ ದೊಡ್ಡ ಫಿಲ್ಟರನ್ನು ಬಯಲಿಗೇ ಸಿಕ್ಕಿಸಿದ್ದನಂತೆ. ಗಾಡಿ ಗುರ್ ಎನ್ನುತ್ತಿದ್ದದ್ದು ಅಲ್ಲಿಂದಲೇ.

ಪೇಟೆಯಲ್ಲಿ ಗುರ್ ಎನ್ನುತ್ತಿದ್ದ ಗಾಡಿ ಮೇ ತಿಂಗಳಲ್ಲಿ ಖಂಬಾಟಕಿ ಘಾಟಿಯಲ್ಲಿ ಗೊರ ಗೊರ ಎಂದಿತು. ಅತ್ತೆಯವರನ್ನು ಬೆಳಗಾವಿಗೆ ಬಿಡಲು ಹೊರಟಿದ್ದೆವು. ಗಾಡಿ ಏರು ಹತ್ತಲಾರದ್ದಕ್ಕೆ ಎಸಿ ಆರಿಸಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಹಳ ಮರ್ಯಾದೆಯಿಂದ ಕೇಳಿದರು: "ಅಳಿಯಂದಿರ, ಗಾಡಿಗೆ ಉಬ್ಬಸ ಅದ ಏನ್ರಿ?"

ಪುಣೆಗೆ ಮರಳಿದ ಮೇಲೆ ಜಯಶ್ರೀ ಅಂದಳು: "ಇನ್ನೊಮ್ಮೆ ಇದು ಘಾಟಿನ್ಯಾಗ ತೇಕಿತಂದ್ರ ಮಾರಿಬಿಡೂದು. ಆಮ್ಯಾಲ ಮಾತಿಲ್ಲ." ಅವಳು ಕೆಲಸ ಮಾಡುವ ಬ್ಯಾಂಕಿನಲ್ಲಿ ಹಳೆಯ ಕಾರು ಹುಡುಕುತ್ತಿದ್ದ ಸಹೋದ್ಯೋಗಿಯೊಬ್ಬರು ಇದ್ದರು. ಅವರಿಗೆ, ಬೇಕಾದರೆ ಮುಂದಿನ ಸೋಮವಾರ ಬಂದು ನೋಡಿ ಎಂದೂ ಹೇಳಿಟ್ಟಳು.

ನಾನು ಯೆರವಡಾದ ಮೆಕ್ಯಾನಿಕ್ ಶರಣಪ್ಪನ ಬಳಿಗೆ ಓಡಿದೆ. ಕಲಬುರಗಿ ಕಡೆಯವನು. ಮೊದಲ ಮೂರು ತಿಂಗಳು ನಾವಿಬ್ಬರೂ ಒಬ್ಬರಿಗೊಬ್ಬರು ಶುದ್ಧ ಮರಾಠಿಯಲ್ಲೇ ಸಭ್ಯತೆ ತೋರಿಸಿಕೊಂಡಿದ್ದೆವು. ಒಂದು ದಿನ ಬೋಲ್ಟು ತಿರುಗಿಸುವ ಪಾನಾ ಜಾರಿ ಹೆಬ್ಬೆರಳಿಗೆ ಬಡಿದಾಗ ಅವನು "ಯವ್ವಾ" ಎಂದ. ಅಂದಿನಿಂದ ನನ್ನ ಭಯಗಳನ್ನು ಕನ್ನಡದಲ್ಲೇ ಕೇಳುವ ಕಷ್ಟ ಅವನ ಪಾಲಿಗೆ ಬಂದಿದೆ. ಬಾನೆಟ್ ಎತ್ತಿ ನೋಡಿ ಅವನು ನಕ್ಕ. "ಸಾಹೇಬ್ರ, ಗಾಡಿ ಮೂಗು ಒಲಿ ಬಾಜೂಕ ಇಟ್ಟಾರ. ಒಲಿ ಮುಂದ ಕುಂತು ಓಡು ಅಂದ್ರ ಯಾರ ಓಡ್ತಾರ್ರಿ?"

ಫಿಲ್ಟರು ಎಂಜಿನ್ನಿನ ಕಾದ ಗಾಳಿಯನ್ನೇ ಎಳೆಯುತ್ತಿತ್ತು. ಕಾದ ಗಾಳಿ ತೆಳು, ಅದರಲ್ಲಿ ದಮ್ಮಿಲ್ಲ. ಫಿಲ್ಟರಿನ ಸುತ್ತ ತಗಡಿನ ಅಡ್ಡಗೋಡೆ ಕಟ್ಟಿ, ಬಂಪರಿನ ಕೆಳಗಿನ ಜಾಲರಿಯಿಂದ ದಪ್ಪ ಕೊಳವೆಯೊಂದನ್ನು ಅಲ್ಲಿಗೆ ಎಳೆದರೆ ಹೊರಗಿನ ತಂಪು ಗಾಳಿ ನೇರ ಒಳಗೆ ಬರುತ್ತದೆ ಎಂದ. ಅವನಿಗೆ ಅದು ಅರ್ಧ ದಿನದ ಕೆಲಸ. ನನ್ನಿಂದಾಗಿ ನಾಲ್ಕು ದಿನವಾಯಿತು. ನಾನು ಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನೀರಿನ ಭಯಕ್ಕೆ ಕೊಳವೆಯ ಬಾಯಿಯನ್ನು ಒಂದು ಗೇಣು ಮೇಲೆತ್ತಿಸಿ ಬಂಪರಿನ ಮಟ್ಟಕ್ಕೆ ತರಿಸಿದೆ. ಒಂದು ಕ್ಲಾಂಪು ಸಾಕೆಂದಲ್ಲಿ ಮೂರು ಹಾಕಿಸಿದೆ. ಇಲಿಯ ಭಯಕ್ಕೆ ಮನೆಯಿಂದ ಹಿಟ್ಟು ಸೋಸುವ ಹಳೆಯ ಸಾಣಿಗೆ ಒಯ್ದು, ಅದರ ಜಾಲರಿಯನ್ನು ಕೊಳವೆಯ ಬಾಯಿಯ ಅಳತೆಗೆ ಕತ್ತರಿಸಿ ಕೂರಿಸಿದೆ. ಶರಣಪ್ಪ ಆ ಜಾಲರಿಯನ್ನು ನೋಡಿ, ಹಿಟ್ಟು ಬರ್ತದ ಏನ್ರಿ ಇದರಾಗಿಂದ ಎಂದು ಕೇಳಿದ. ನಾನು ಪಟ್ಟಿಯ ಮುಂದಿನ ಸಾಲಿಗೆ ಹೋದೆ.

ಭಾನುವಾರ ಬೆಳಿಗ್ಗೆ ಕಾತ್ರಜದ ಹಳೆಯ ಘಾಟಿಯಲ್ಲಿ ಪರೀಕ್ಷೆ ಎಂದು ನಿಶ್ಚಯವಾಯಿತು. ಅಂದು ಎದ್ದಾಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಮೂವತ್ತೊಂದಕ್ಕೂ ಪರಿಹಾರ ಬರೆದಾಗಿತ್ತು. ಮೂವತ್ತೆರಡನೆಯದು ಎಲ್ಲಾದರೂ ಅಡಗಿದ್ದರೆ? ಅದನ್ನು ದೇವರಿಗೆ ಬಿಡುವುದೆಂದುಕೊಂಡು ಮಾರ್ಕೆಟ್ ಯಾರ್ಡಿಗೆ ಹೋಗಿ, ತೋಳು ದಪ್ಪದ ಚೆಂಡುಹೂವಿನ ಹಾರ ತಂದೆ. ಹೊಸ ಗಾಡಿಗೆ ಪೂಜೆ ಮಾಡುವುದು ಕಂಡಿದ್ದೇನೆ, ಪೈಪಿಗೆ ಮಾಡುವುದು ಇದೇ ಮೊದಲು ಎಂದು ಜಯಶ್ರೀ ಗೊಣಗಿದರೂ ಅರಿಸಿನ ಕುಂಕುಮ ಹಚ್ಚಿದಳು. ಚಕ್ರದಡಿ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ಹಾರವನ್ನು ಬಾನೆಟ್ಟಿನ ಮೇಲೆ ಹಾಕಲು ಕೈ ಎತ್ತಿದವನಿಗೆ ಹೊಸ ದಿಗಿಲು: ಓಡುವಾಗ ಇದು ಗಾಳಿಗೆ ಎದ್ದು ಮುಂದಿನ ಗಾಜಿಗೆ ಅಪ್ಪಳಿಸಿ, ರಸ್ತೆ ಕಾಣದೆ, ಘಾಟಿಯ ತಿರುವಿನಲ್ಲಿ... ಪಟ್ಟಿಗೆ ಸೇರಿಸಲು ಪುರುಸೊತ್ತಿರಲಿಲ್ಲ. ನೇರ ಪರಿಹಾರಕ್ಕೇ ಕೈಹಾಕಿ, ಹಾರವನ್ನು ಕೆಳಕ್ಕೆ ತಂದು ಬಂಪರಿಗೆ ಎರಡೆಳೆ ಸುತಳಿಯಿಂದ ನಾಲ್ಕು ಗಂಟು ಹಾಕಿ ಬಿಗಿದೆ. ಅಲ್ಲಾಡಿಸಿ ನೋಡಿದೆ. ಜಪ್ಪಯ್ಯ ಅನ್ನಲಿಲ್ಲ.

ಘಾಟಿಯ ಮೊದಲ ಎರಡು ತಿರುವು ಗಾಡಿ ಹಕ್ಕಿಯಂತೆ ಏರಿತು. ನನ್ನ ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ, ಕಿವಿ ಎಂಜಿನ್ನಿನ ಮೇಲೆ, ಮೂಗು ಸುಟ್ಟ ವಾಸನೆಗಾಗಿ ಕಾಯುತ್ತಿತ್ತು. ಮೂರನೆಯ ತಿರುವಿನಲ್ಲಿ ಒಂದು ಸಣ್ಣ ಬಿಕ್ಕು. ನಾಲ್ಕನೆಯದರಲ್ಲಿ ಗೊರ ಗೊರ. ಜಯಶ್ರೀ ಕೈ ಚಾಚಿ ತಾನೇ ಎಸಿ ಆರಿಸಿದಳು. ಆ ಸಣ್ಣ ಟಕ್ ಎನ್ನುವ ಸದ್ದಿನಲ್ಲಿ ನನಗೆ ಬ್ಯಾಂಕಿನವರು ಬರುವ ಸೋಮವಾರ ಕೇಳಿಸಿತು.

ರಸ್ತೆಯ ಅಂಚಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಜೇಬಿನಿಂದ ಪಟ್ಟಿ ತೆಗೆದೆ. ಒಂದರಿಂದ ಶುರು. ಇಲಿ ಇಲ್ಲ. ನೀರಿಲ್ಲ. ಕ್ಲಾಂಪು ಮೂರೂ ಗಟ್ಟಿ. ತಗಡು ಬ್ಯಾಟರಿಯಿಂದ ದೂರ. ಬೆವರು ಒರೆಸಿಕೊಳ್ಳುತ್ತ ಮೂವತ್ತೊಂದಕ್ಕೂ ಟಿಕ್ ಹಾಕಿದೆ. ಕಾಗದದ ಪ್ರಕಾರ ಗಾಡಿಗೆ ಏನೂ ಆಗಿರಲಿಲ್ಲ. ಕೊನೆಗೆ ಶರಣಪ್ಪನಿಗೆ ಫೋನು ಹಚ್ಚಿದೆ. ಪೈಪಿನ ಬಾಯಿ ಖುಲ್ಲಾ ಅದ ಇಲ್ಲ ನೋಡ್ರಿ ಮೊದಲ ಎಂದ.

ನಾನು ಬಗ್ಗುವಷ್ಟರಲ್ಲಿ ಜಯಶ್ರೀ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ನಾನು ಅಷ್ಟು ಬಿಗಿದು ಕಟ್ಟಿದ ಹಾರ ಕೊಳವೆಯ ಬಾಯಿಗೆ ಸರಿಯಾಗಿ ಅಡ್ಡ ಕೂತಿತ್ತು. ಎಂಜಿನ್ನು ಎಳೆದ ಸೆಳೆತಕ್ಕೆ ಹೂವುಗಳೆಲ್ಲ ಸಾಣಿಗೆಯ ಜಾಲರಿಗೆ ರೊಟ್ಟಿಯಂತೆ ಅಂಟಿಕೊಂಡಿದ್ದವು. ಜಾಲರಿ ಇರದಿದ್ದರೆ ಎಸಳುಗಳಾದರೂ ಒಳಗೆ ಹೋಗಿ ದಾರಿ ಬಿಡುತ್ತಿದ್ದವೇನೋ. ಅವಳು ಒಂದೊಂದೇ ಗಂಟು ಬಿಚ್ಚುತ್ತ, ನನ್ನ ಕಡೆ ನೋಡದೆ ಅಂದಳು: "ಯಾರ ಬಾಯಿಗೆ ಇಷ್ಟ ಬಿಗದು ಹೂವು ಕಟ್ಟಿದ್ರೂ ತೇಕತಾರ್ರೀ. ಪಾಪ, ಗಾಡೀದೇನ ತಪ್ಪು ಅದರಾಗ?"

ಆಮೇಲೆ ಗಾಡಿ ಒಂದೇ ಉಸಿರಿಗೆ ತುದಿಗೆ ಏರಿತು, ಎಸಿ ಹಾಕಿಕೊಂಡೇ. ಹಾರ ಅವಳ ಮಡಿಲಲ್ಲಿತ್ತು. ಇಳಿಯುವಾಗ ಅವಳು ಬ್ಯಾಂಕಿನ ಆ ಸಹೋದ್ಯೋಗಿಗೆ ಫೋನು ಮಾಡಿ ನಾಳೆ ಬರುವುದು ಬೇಡವೆಂದಳು. ಯಾಕೆ, ಗಾಡಿ ರಿಪೇರಿ ಆಯಿತೇ ಎಂದು ಆ ಕಡೆಯಿಂದ ಕೇಳಿರಬೇಕು. ಗಾಡಿ ಮೊದಲೇ ನೆಟ್ಟಗಿತ್ತು ಎಂದು ಹೇಳಿ ಫೋನು ಇಟ್ಟಳು.

ಮನೆಗೆ ಬಂದವನೇ ಪಟ್ಟಿ ಬಿಡಿಸಿ, ಕಾರ್ಖಾನೆಯ ಶಿಸ್ತಿನಂತೆ ಪ್ರಾಮಾಣಿಕವಾಗಿ ಮೂವತ್ತೆರಡನೆಯ ಸಾಲು ಬರೆದೆ: ಕೊಳವೆಯ ಬಾಯಿಗೆ ಚೆಂಡುಹೂವು ಅಂಟಿ ಗಾಳಿ ನಿಲ್ಲುವುದು. ಕಾರಣ ಏನೆಂದು ಬರೆಯುವುದೋ ಹೊಳೆಯದೆ ನೀರು ಕುಡಿಯಲು ಎದ್ದುಹೋದೆ. ಮರಳಿ ಬರುವಷ್ಟರಲ್ಲಿ ಜಯಶ್ರೀ ತನ್ನ ಬ್ಯಾಂಕಿನ ದುಂಡಗಿನ ಅಕ್ಷರದಲ್ಲಿ ಕಾರಣದ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದಿದ್ದಳು. ಪರಿಹಾರದ ಕಾಲಮ್ಮಿನಲ್ಲಿ, ಫಾರ್ಮಿನಲ್ಲಿ ತುಂಬಲು ಏನೂ ಇಲ್ಲದ ಕಡೆ ಬ್ಯಾಂಕಿನವರು ಎಳೆಯುತ್ತಾರಲ್ಲ, ಅಂಥದೊಂದು ಅಡ್ಡಗೆರೆ ಎಳೆದಿದ್ದಳು.