ಯಾರನ್ನೂ ಒಳಗೆ ಬಿಡದ ಫೋನು

ಬಾಗಿಲು ತೆರೆದಿಟ್ಟು ಬಂದವರನ್ನೆಲ್ಲ ಕೂರಿಸುವ ಮನೆಗಳಿವೆ. ಕಿಟಕಿಯಿಂದ ಇಣುಕಿ ‘ಯಾರು?’ ಎಂದು ಎರಡೆರಡು ಸಲ ಕೇಳುವ ಮನೆಗಳೂ ಇವೆ. ಫೋನುಗಳಲ್ಲೂ ಹಾಗೇ ಎಂದು ನನಗೆ ಗೊತ್ತಾದದ್ದು, ಮುಂಬೈಯಲ್ಲಿ ಹೋಟೆಲಿಟ್ಟ ಭಾವ, ಅಂದರೆ ಹೆಂಡತಿ ಗಿರಿಜೆಯ ಅಣ್ಣ, ನನಗೊಂದು ದುಬಾರಿ ಫೋನು ಕೊಟ್ಟ ಮೇಲೆ. ಅದರ ಬೆನ್ನು ಬಿಚ್ಚುವಂತಿಲ್ಲ, ಮೆಮೊರಿ ಕಾರ್ಡು ತುರುಕಲು ಸಂದಿಲ್ಲ, ಬ್ಲೂಟೂತಿನಲ್ಲಿ ಬೇರೆಯವರು ಕಳಿಸಿದ್ದನ್ನು ಮೂಸಿಯೂ ನೋಡುವುದಿಲ್ಲ. ಗಿರಿಜೆ ಕುಂದಾಪುರದಲ್ಲಿ ಕೊಂಡ ಅಗ್ಗದ ಫೋನೋ, ಯಾರು ಏನು ಕೊಟ್ಟರೂ ನುಂಗುತ್ತದೆ. ಎರಡರಲ್ಲಿ ಯಾವುದು ಜಾಣತನವೆಂಬ ಕುತೂಹಲ ನನಗೆ ಬಹಳ ದಿನದಿಂದ ಇತ್ತು. ‘ನನ್ನದು ಕಂಡಕಂಡದ್ದನ್ನು ಮುಟ್ಟುವ ಫೋನಲ್ಲ’ ಎಂದು ಜಂಬ ಕೊಚ್ಚಿದ್ದೂ ಉಂಟು.

ಈ ನಡುವೆ ಬ್ರಹ್ಮಾವರದ ನಮ್ಮ ಆಫೀಸಿನವರು ಸೇರಿ ಒಂದು ಯಕ್ಷಗಾನ ಆಡಿದೆವು. ನನಗೆ ರಾಕ್ಷಸನ ವೇಷ. ಜೋರಾಗಿ ಒಂದು ಸುತ್ತು ತಿರುಗಿದ್ದೇ ತಲೆಯ ಮುಂಡಾಸು ಜಾರಿ ಕಣ್ಣು ಮುಚ್ಚಿತು. ನಾನು ಎದೆಗುಂದಲಿಲ್ಲ. ಎದುರಾಳಿ ಇರುವ ಕಡೆಗೆ ಅಂದಾಜಿನಲ್ಲಿ ತಿರುಗಿ ಸವಾಲು ಹಾಕಿದೆ. ಆ ಚಪ್ಪಾಳೆ, ಆ ಕೇಕೆ! ಅಷ್ಟು ಚೆನ್ನಾಗಿ ನಾನು ಏನು ಮಾಡಿದೆ ಎಂದು ನೋಡುವ ಆಸೆ ತಡೆಯಲಾಗಲಿಲ್ಲ.

ನಾನು ದಿನಾ ಆಫೀಸಿಗೆ ಹೋಗುವ ಬಸ್ಸಿನ ಕಂಡಕ್ಟರ್ ಶೀನಣ್ಣ ಆಟ ನೋಡಲು ಬಂದವನು ಅದನ್ನು ಫೋನಿನಲ್ಲಿ ಹಿಡಿದಿದ್ದ. ಮರುದಿನ ಬಸ್ಸಿನಲ್ಲಿ ಇಬ್ಬರ ಫೋನುಗಳನ್ನೂ ಮೂತಿಗೆ ಮೂತಿ ತಾಗಿಸಿ ಕಾದೆವು. “ನಿಮ್ ಫೋನ್ ತಕಂತಿಲ್ಲೆ ಮಾರಾಯ್ರೆ, ಎಂತ ಜಂಬ ಇದ್ಕೆ!” ಎಂದ. ಅವನದರಲ್ಲೇ ನೋಡೋಣವೆಂದರೆ ಬ್ರಹ್ಮಾವರ ಬಂದೇಬಿಟ್ಟಿತು. ಇಳಿಯುವಾಗ ನೋಡುತ್ತೇನೆ, ಉಳಿದವರೆಲ್ಲ ಬ್ಲೂಟೂತ್ ಹಾಕಿಕೊಂಡು ಅವನ ಸುತ್ತ ಸೇರಿದ್ದಾರೆ.

ಸಂಜೆ ಮನೆಗೆ ಬಂದರೆ ಗಿರಿಜೆ, “ಹ್ವಾಯ್, ಇಲ್ಲ್ ಬನ್ನಿ, ನಿಮ್ ಆಟ ನನ್ ಫೋನಿಗೆ ಬಂದಿತ್” ಎಂದಳು. ಪಕ್ಕದ ಮನೆಯವರು ಕೊಟ್ಟರಂತೆ. ಆಸೆಯಿಂದ ನೋಡಿದೆ. ನಾನು ಸವಾಲು ಹಾಕಿದ್ದು ಎದುರಾಳಿಗಲ್ಲ, ಚಂಡೆ ಬಾರಿಸುವ ಹಿರಿಯರಿಗೆ! “ಎಲವೋ, ನಿನ್ನ ಹೊಟ್ಟೆ ಬಗೆಯುತ್ತೇನೆ” ಎಂದು ಕತ್ತಿ ಎತ್ತಿದಾಗ ಅವರು, ಪಾಪ, ಚಂಡೆ ಬಿಟ್ಟು ಹಿಂದೆ ಸರಿಯುತ್ತಿದ್ದಾರೆ. ನಿಜವಾದ ಎದುರಾಳಿ ನನ್ನ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾನೆ.

ನಾಚಿಕೆಯಿಂದ ಹಿಡಿಯಾದೆ. “ಅಳಿಸು ಮಾರಾಯ್ತಿ” ಎಂದೆ.

“ನಾ ಅಳ್ಸಿರೆ ಎಂತ ಆತ್? ಸಿದ್ದಾಪ್ರದ ಬಸ್ಸಲ್ಲೂ ಇದನ್ನೇ ಕಾಂತಿದ್ರ್ ಅಂಬ್ರ್.”

ಸಿದ್ದಾಪುರದ ಬಸ್ಸಿನವರೂ ನೋಡಿಯಾಯಿತೆಂದರೆ, ಈಗ ತಾಲೂಕಿನಲ್ಲಿ ನನ್ನ ಮಾನ ಉಳಿಸಿದ ಫೋನೆಂದರೆ ನನ್ನದೊಂದೇ. ಭಾವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಆ ಹಿರಿಯರ ಮುಖ ನೆನಪಾದಾಗಲೆಲ್ಲ ನಗು ತಡೆಯಲಾಗುವುದಿಲ್ಲ. ಆಗ ಕೋಣೆಯ ಬಾಗಿಲು ಭದ್ರವಾಗಿ ಹಾಕಿಕೊಂಡು, ಗಿರಿಜೆಯ ಫೋನಿನಲ್ಲಿ ಇನ್ನೊಮ್ಮೆ ನೋಡುತ್ತೇನೆ.