ಮಾವನ ದವಡೆಗೆ ನಾನು ಮಾಡಿದ ವೈದ್ಯ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಹಿಂದೂಪುರದ ಸೋದರಮಾವನ ಬಾಯಿಂದ ಒಂದು ಗಟ್ಟಿ ಹಲ್ಲನ್ನು ಕೀಳಿಸಿದವನು ನಾನು. ದಂತವೈದ್ಯನಲ್ಲ, ಕಲ್ಯಾಣದುರ್ಗದಲ್ಲಿ ಮೊಬೈಲ್ ರಿಪೇರಿ ಮಾಡುವವನು, ಬಿಡುವಿದ್ದಾಗ ಊರವರ ದನಿಗಳನ್ನೆಲ್ಲ ಅನುಕರಿಸಿ ಬೈಸಿಕೊಳ್ಳುವವನು.

ಮಾವ ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಾರೆ. ಬೇರೆಯವರು ಹಣ್ಣನ್ನು ಹಿಸುಕಿ ನೋಡಿದರೆ, ಮಾವ ಪ್ರತಿ ಮೂಟೆಯಿಂದಲೂ ಒಂದು ಬೀಜ ತೆಗೆದು ಬಲದವಡೆಯಲ್ಲಿ ಕಡಿದು ನೋಡುತ್ತಾರೆ. ಕಡಿಯದೆ ಬೆಲೆ ಕೂಗಿದರೆ ಸುಳ್ಳು ಹೇಳಿದಂತಂತೆ! ಕಲ್ಲು ಒಡೆಯುವ ಯಂತ್ರಕ್ಕೂ ವಾರಕ್ಕೊಂದು ರಜೆ ಇರುತ್ತದಲ್ಲವೇ?

ಕೊನೆಗೆ ಕಿವಿಯ ಮುಂದೆ ನೋವು ಶುರುವಾಯಿತು. ಬಾಯಿ ತೆರೆದರೆ ‘ಟಕ್’. ನಾನು ಆ ಟಕ್ಕನ್ನೂ ಸೇರಿಸಿ ಅವರಂತೆ ಮಾತಾಡಿ ಮನೆಯವರನ್ನೆಲ್ಲ ನಗಿಸಿದೆ.

“ನಗ್ಲಾ ನಗು, ನಿಂಗೂ ದವಡೆ ಐತೆ” ಅಂದರು ಮಾವ.

ಆಮೇಲೆ ಫೋನಿನಲ್ಲಿ ಎರಡು ವಿಡಿಯೋ ನೋಡಿ, ಇದು ಬುದ್ಧಿಹಲ್ಲಿನದೇ ಕೆಲಸ ಎಂದು ತೀರ್ಪು ಕೊಟ್ಟೆ. ಮಾವ ನಂಬಿದರು, ಹಟ ಹಿಡಿದು ಕೀಳಿಸಿಕೊಂಡೇ ಬಂದರು. ಅಷ್ಟು ಹೊತ್ತು ಬಾಯಿ ಅಗಲಿಸಿ ಕೂತದ್ದಕ್ಕೆ ನೋವು ದುಪ್ಪಟ್ಟಾಯಿತು. ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯದಾಯಿತು.

ಕಲ್ಯಾಣದುರ್ಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಬುದ್ಧಿಹಲ್ಲಿನ ನೋವೂ ದವಡೆ ಕೀಲಿನ ನೋವೂ ಅಕ್ಕಪಕ್ಕದಲ್ಲೇ ಕಾಣಿಸುವುದರಿಂದ ಮೋಸಹೋಗುವವರು ಬಹಳ, ಇವರದು ಕೀಲಿನದು ಎಂದರು. ಬಿಸಿ ಬಟ್ಟೆಯ ಶಾಖ, ಮೆತ್ತನೆ ಅನ್ನ. ಕೂಗುವಂತಿಲ್ಲ, ಬೀಜ ಕನಸಿನಲ್ಲೂ ಇಲ್ಲ. ಹಲ್ಲು ಕೀಳಿಸಲು ಹೇಳಿದವರಾರೆಂದು ಅವರು ಕೇಳಿದಾಗ ಮಾವ ಮಾತಾಡಲಾರದೆ ನನ್ನತ್ತ ಬೆರಳು ತೋರಿಸಿದರು.

ಆಗ ಹುಣಸೆ ಸುಗ್ಗಿ. ಮಾವ ಕೂಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬಂದುಬಿಡುತ್ತಾರೆ. ಹಾಗಾಗಿ ನಾನೇ ನಿಂತು, ತೆಲುಗು ಕನ್ನಡ ಕಲಸಿ, ಮಾವನದೇ ದನಿಯಲ್ಲಿ, ಟಕ್ ಸಮೇತ ಕೂಗಿದೆ. ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ಒಬ್ಬ ವ್ಯಾಪಾರಿ, “ಇನ್ಮೇಲೆ ಇವ್ನೇ ಕೂಗ್ಲಿ ಬಿಡ್ರಪ್ಪ, ಆವಯ್ಯ ಮನೇಲಿರ್ಲಿ” ಅಂದ.

ತಕ್ಕಡಿಯ ಪಕ್ಕ ಕೆನ್ನೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದ ಮಾವ ನೆಲ ನೋಡತೊಡಗಿದರು. ನಾನು ನಗುವವರತ್ತ ಬೆನ್ನು ಹಾಕಿ ಮುಂದಿನ ಮೂಟೆಯತ್ತ ತಿರುಗಿದೆ.

ಚಿಲಮತ್ತೂರಿನಿಂದ ಹುಣಸೆಹಣ್ಣು ತಂದಿದ್ದ ಅಜ್ಜಿಯೊಬ್ಬಳು ತನ್ನ ಮೂಟೆಯ ಮೇಲೆ ಗಟ್ಟಿಯಾಗಿ ಕೂತು ನನಗೆ ಹೇಳಿದಳು:

“ಆವಯ್ಯ ವಾಸಿಯಾಗಿ ಬರೋಗಂಟ ನಾನು ಮೂಟೆ ಬಿಚ್ಚಲ್ಲ ಕಣಪ್ಪ. ನೀನು ಬೇಕಾದ್ರೆ ನಿನ್ ದನೀನೇ ಹರಾಜು ಹಾಕ್ಕೋ.”